ತೆಂಗಿನಮರಕ್ಕೆ ಬೀಗ ಹಾಕಿದ ಲಂಗರು

ಹಾರವಾಡದ ಶನಿಯಾರನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಬಾಯಿ ಆಮೇಲೆ ಬಿಚ್ಚುತ್ತಿತ್ತು. ಆ ನಡುವಿನ ಚೂರು ಹೊತ್ತಿನಲ್ಲಿ ಜಾಗ ಖಾಲಿ ಮಾಡಿದವನೇ ಜಾಣ ಎಂದು ಅವನ ದೋಣಿಯವರೇ ಆಡಿಕೊಳ್ಳುತ್ತಿದ್ದರು. ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರು ಕಿವಿ ಹಿಂಡಿದರೆಂದು ಪಾಟಿಯನ್ನು ಅಲ್ಲೇ ನೆಲಕ್ಕೆ ಕುಕ್ಕಿ ಸಮುದ್ರದ ದಾರಿ ಹಿಡಿದವನು, ಐವತ್ತು ದಾಟಿದರೂ ಹಾಗೇ ಇದ್ದ. ಆದರೆ ದೋಣಿ ನಡೆಸುವ ತಾಂಡೇಲನಾಗಿ ಅವನಿಗೆ ಸಮ ಇನ್ನೊಬ್ಬನಿರಲಿಲ್ಲ. ನೀರಿನ ಬಣ್ಣ ನೋಡಿ ಬಂಗಡೆ ಎಲ್ಲಿದೆ ಎಂದು ಬೆರಳು ತೋರಿಸುತ್ತಿದ್ದ. ಬಲೆ ಅಲ್ಲೇ ತುಂಬುತ್ತಿತ್ತು. ಹಾಗಾಗಿ ಬೈಸಿಕೊಂಡವರೂ ಮರುದಿನ ಬೆಳಿಗ್ಗೆ ದಂಡೆಗೆ ಬರುತ್ತಿದ್ದರು.

ಹಾಗೆ ಬೈಸಿಕೊಂಡೇ ಕಲಿತವನು ಸದಾಶಿವಗಡದ ಗಿರಿಧರ. ಹದಿನೆಂಟಕ್ಕೆ ಶನಿಯಾರನ ದೋಣಿ ಹತ್ತಿ, ಒಂಬತ್ತು ವರ್ಷ ಅವನ ಕೈಕೆಳಗೆ ದುಡಿದು, ಆಮೇಲೆ ಒಂದು ಟ್ರಾಲರ್ ಬೋಟಿಗೆ ತಾಂಡೇಲನಾಗಿ ಹೋದ. ದೊಡ್ಡ ಬೋಟಿನವರು ದಂಡೆಯ ಹತ್ತಿರ ನುಗ್ಗಿ ತಳದ ಮರಿಮೀನನ್ನೂ ಬಳಿದುಕೊಂಡು ಹೋಗುತ್ತಾರೆಂದು ದೋಣಿಯವರಿಗೂ ಅವರಿಗೂ ಹಾವು ಮುಂಗುಸಿಯ ಹಗೆ. ಹೆಚ್ಚು ದುಡಿಮೆ ಸಿಕ್ಕಲ್ಲಿ ಹೋಗುವುದು ಲೋಕದಲ್ಲಿ ಇದ್ದದ್ದೇ. ಶನಿಯಾರನಿಗೆ ಮಾತ್ರ ಸ್ವಂತ ಮಗ ವೈರಿಯ ಮನೆಗೆ ಅಳಿಯನಾದಷ್ಟು ಉರಿಯಿತು.

ಹೋದ ವರ್ಷ ನವರಾತ್ರಿ ಮುಗಿದ ಮರುವಾರ ಅದೇ ಬೋಟು ಹಗಲು ಒಂಬತ್ತಕ್ಕೆ ಹಾರವಾಡದ ಎದುರೇ ಬಂದು ಶನಿಯಾರ ಬಿಟ್ಟಿದ್ದ ಬಲೆಯನ್ನು ಹರಿದುಕೊಂಡು ಹೋಯಿತು. ನಾಲ್ಕು ದೋಣಿಯವರು ಅಟ್ಟಿಸಿಕೊಂಡು ಹೋಗಿ ಬೋಟನ್ನು ಸುತ್ತುವರಿದರು. ಮೊದಲು ಹತ್ತಿದವನು ಶನಿಯಾರ.

ದೋಣಿಯವರಲ್ಲಿ ಒಂದು ರೂಢಿಯಿತ್ತು. ತಪ್ಪು ಮಾಡಿದ ಬೋಟಿನಿಂದ ಒಂದು ಸಾಮಾನು ಎತ್ತಿಕೊಂಡು ಬರಬೇಕು. ಆ ಬೋಟಿನ ತಾಂಡೇಲ ದಂಡೆಗೆ ಬಂದು ಊರವರೆದುರು 'ತಪ್ಪಾಯ್ತು' ಎಂದರೆ ಅದನ್ನು ಮರಳಿ ಕೊಡಬೇಕು. ಎತ್ತುತ್ತಿದ್ದದ್ದು ಅನ್ನದ ಪಾತ್ರೆ, ಮೀನಿನ ಬುಟ್ಟಿ, ಹೆಚ್ಚೆಂದರೆ ಒಂದು ಸಿಂಬಿ ಹಗ್ಗ. ಅವತ್ತು ಶನಿಯಾರ ಲಂಗರಿಗೇ ಕೈ ಹಾಕಿದ.

"ಏ ಶನಿಯಾರಾ, ಅದ್ ಬ್ಯಾಡ! ಅನ್ನದ ಬೋಗುಣಿ ತಕಂಡು ಇಳಿ!" ಎಂದು ದೋಣಿಯಿಂದ ಮುದುಕ ತಿಮ್ಮು ಕೂಗಿದ. ಶನಿಯಾರನ ತಂದೆಯ ಕಾಲದಿಂದ ಆ ದೋಣಿಯಲ್ಲಿದ್ದವನು ಅವನು. ಅವನ ಮಾತನ್ನೂ ಶನಿಯಾರ ಕೇಳಲಿಲ್ಲ. ಲಂಗರನ್ನು ಮನೆಯಂಗಳಕ್ಕೆ ತಂದು, ತೆಂಗಿನಮರಕ್ಕೆ ಸರಪಳಿಯಿಂದ ಬಿಗಿದು, ಬೀಗ ಜಡಿದು, ಕೀಲಿಕೈಯನ್ನು ಹೆಂಡತಿ ದೇವಿಗೆ ಕೊಟ್ಟ.

"ನನ್ನ ಹತ್ರ ಇದ್ರೆ ಆ ಗಿರಿಧರ ಅತ್ತುಕರೆದು ಇಸ್ಕಂಡು ಹೋತ."

"ನೀವು ಕೊಡವ್ರು! ನಿಮ್ಮ ಕೈಯಿಂದ ಒಂದು ತಾರ್ಲೆ ಮೀನು ಬೆಕ್ಕಿಗೆ ಬಿದ್ದದ್ದು ನಾ ಕಂಡಿಲ್ಲ," ಎಂದು ದೇವಿ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ನಾಲ್ಕು ದಿನ ಬಿಟ್ಟು ಗಿರಿಧರ ಮನೆಗೇ ಬಂದ. ಲಂಗರು ಹೊರಲೆಂದು ಬಂದ ಸಪೂರ ಆಳೊಬ್ಬ ಬೇಲಿಯ ಹೊರಗೆ ನಿಂತ.

"ಮಾಮಾ, ತಪ್ಪಾದ್ದು ಹೌದು. ಬೇಕಾದ್ರೆ ಇಲ್ಲೇ ನಿಮ್ಮ ಕಾಲು ಹಿಡಿತೆ. ದಂಡೆ ಮೇಲೆ ಎಲ್ಲರೆದ್ರಿಗೆ ಹೇಳಿದ್ರೆ ಧನಿ ನನ್ನ ಬೋಟಿಂದ ಇಳಿಸ್ತ್ರು."

"ಕಾಲು ಹಿಡಿಸ್ಕಣುಕೆ ನಾ ಎಂತಾ ದೇವ್ರಾ? ದಂಡೆ ಮೇಲೆ ಬಂದು ಹೇಳು, ಎತ್ಕಂಡು ಹೋಗು."

"ನಾಡಿದ್ದು ಹೊರಡ್ಬೇಕು ಮಾಮಾ. ಹವಾ ಬ್ಯಾರೆ ಸಮ ಇಲ್ಲ. ಲಂಗರ ಇಲ್ದೆ ಬೋಟ ಹ್ಯಾಂಗೆ ನಿಲ್ಸುದು?"

ಶನಿಯಾರನ ಕಿವಿ ಕೆಂಪಾಗಿತ್ತು. "ನಿನ್ನ ಸೊಕ್ಕಿಗೆ ಹಗ್ಗ ಕಟ್ಟಿ ನೀರಿಗೆ ಒಗೆ. ಅಷ್ಟು ಭಾರದ ಲಂಗರ ಈ ಕರಾವಳಿಯಲ್ಲೇ ಇಲ್ಲ!"

ಅಂಗಳದಲ್ಲಿ ಬಲೆ ಹೆಣೆಯುತ್ತ ಕೂತವರೆಲ್ಲ ನಕ್ಕರು. ಬೇಲಿಯ ಹೊರಗೆ ನಿಂತ ಆಳೂ ತಡೆಯಲಾರದೆ ನಕ್ಕುಬಿಟ್ಟ. ಗಿರಿಧರ ತಲೆ ತಗ್ಗಿಸಿ ಬರಿಗೈಯಲ್ಲಿ ಹೋದ. ಮಾತು ಚೆನ್ನಾಗಿ ಬಿತ್ತು ಎಂದು ಶನಿಯಾರನಿಗೆ ಅವತ್ತು ಊಟವೂ ರುಚಿಸಿತು.

ಗಿರಿಧರ ಹೇಳಿದ ನಾಡಿದ್ದು ಬಂತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನೈಋತ್ಯದಿಂದ ಗಾಳಿ ಎದ್ದಿತು. ದೋಣಿಗಳೆಲ್ಲ ದಂಡೆಯ ಮೇಲೇ ಇದ್ದವು. ಇಂಜಿನ್ ನೋಡಿಕೊಳ್ಳುವ ಅಶೋಕ ಫೋನ್ ಹಿಡಿದುಕೊಂಡು ಓಡಿಬಂದ. ಗಿರಿಧರನ ಬೋಟು ಸಮುದ್ರದ ನಡುವಿನ ಕಾಗೆಬಂಡೆಯ ಹೊರಗೆ ಸಿಕ್ಕಿಬಿದ್ದಿತ್ತು. ಬೋಟಿನಡಿ ನೀರು ತಳ್ಳುವ ಫ್ಯಾನಿಗೆ ಬಲೆ ಸುತ್ತಿ ಇಂಜಿನ್ ನಿಂತಿತ್ತು. ಎಲ್ಲಿಂದಲೋ ಕೇಳಿ ತಂದ ಚಿಕ್ಕ ದೋಣಿಯ ಲಂಗರು ಹಾಕಿದ್ದರು, ಅದು ತಳ ಕಚ್ಚದೆ ಜಾರುತ್ತಿತ್ತು. ಬೋಟಿನಲ್ಲಿ ಆರು ಜನ. ಬಂಡೆ ಒಂದು ಮೈಲು ದೂರವೂ ಇರಲಿಲ್ಲ. ಕಾರವಾರದಿಂದ ಕೋಸ್ಟ್ ಗಾರ್ಡಿನವರು ಹೊರಟಿದ್ದರು, ಆದರೆ ದೂರ ದೂರವೇ. ಹತ್ತಿರ ಇದ್ದದ್ದು ಹಾರವಾಡ ಒಂದೇ.

"ನಮ್ಮ ಬಲೆ ಹರ್ದವ್ರು, ಸಾಯ್ಲಿ ಬಿಡು," ಎಂದು ಹಿಂದಿನಿಂದ ಯಾರೋ ಅಂದರು.

"ಯಾರ್ರಾ ಅದು ಹೇಳಿದ್ದು?" ಶನಿಯಾರ ತಿರುಗಿದ. "ದೋಣಿ ನೂಕ್ರಾ!"

ಗುಂಪು ಚದುರಿ ಕೆಲಸಕ್ಕೆ ಬಿತ್ತು. ಅಶೋಕ ಎರಡು ಕ್ಯಾನು ಎಣ್ಣೆ ತಂದು ಇಂಜಿನ್ನಿಗೆ ಜೋಡಿಸಿದ. ತಿಮ್ಮು ಹಳೆಯ ಟಯರುಗಳನ್ನು ದೋಣಿಯ ಮಗ್ಗುಲಿಗೆ ಸಾಲಾಗಿ ಕಟ್ಟಿದ. ಆ ಅಲೆಯಲ್ಲಿ ದೊಡ್ಡ ಬೋಟಿಗೆ ಬಡಿದರೆ ದೋಣಿ ಸೀಳಿಹೋಗುತ್ತಿತ್ತು. ಖಾಲಿ ಕ್ಯಾನುಗಳ ಬಾಯಿ ಬಿಗಿದು ಹಗ್ಗಕ್ಕೆ ಪೋಣಿಸಿದರು, ನೀರಿಗೆ ಬಿದ್ದವನು ಹಿಡಿದುಕೊಳ್ಳಲಿ ಎಂದು. ಹೋಗುವವರು ಮೂರೇ ಜನ ಎಂದು ಶನಿಯಾರ ಹೇಳಿದ, ಬರುವಾಗ ಒಂಬತ್ತು ಜನಕ್ಕೆ ಜಾಗ ಬೇಕಲ್ಲ. ಅಶೋಕ ದೋಣಿ ಹಿಡಿಯುವುದು, ತಿಮ್ಮು ಹಗ್ಗ ನೋಡುವುದು.

"ಬೋಟ ಹತ್ತುದು ಯಾರು?" ಅಶೋಕ ಕೇಳಿದ.

"ನಾನೇ."

"ಹಿಂದಿನ ಸಲವೂ ನೀನೇ ಹತ್ತಿದ್ದಿ," ಎಂದ ತಿಮ್ಮು, ಟಯರಿನ ಗಂಟಿನಿಂದ ಕಣ್ಣೆತ್ತದೆ.

ಆ ಮಾತು ನೆಟ್ಟಗೆ ಹೋಗಿ ಚುಚ್ಚಿತು. ಶನಿಯಾರ ಮನೆಯ ಕಡೆ ತಿರುಗಿದ. ದೋಣಿ ಆಗಲೇ ನೀರು ಮುಟ್ಟಿತ್ತು.

"ತಡೀರಿ. ಲಂಗರ ತಕಂಡು ಹೋಗ್ವಾ."

"ಲಂಗರ ಎಂತಕ್ಕೆ ಈಗ?"

"ಬಂಡೆಗೆ ಬಡಿಯುಕಿಂತ ಮೊದ್ಲು ಮುಟ್ಟಿದ್ರೆ, ಅದನ್ನ ಒಗೆದು ಬೋಟ ನಿಲ್ಸುಕಾತದೆ. ಆರೂ ಜನ ಉಳಿತ್ರು, ಬೋಟೂ ಉಳಿತದೆ."

ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಪೂರ್ತಿ ಸತ್ಯವೂ ಅದಲ್ಲ ಎಂದು ಶನಿಯಾರನಿಗೇ ಗೊತ್ತಿತ್ತು. ತಾನು ಕಿತ್ತು ತಂದದ್ದನ್ನು ತನ್ನ ಕೈಯಿಂದಲೇ ಗಿರಿಧರನಿಗೆ ಮುಟ್ಟಿಸಬೇಕು, ಅಂಗಳದಲ್ಲಿ ಆಡಿದ ಮಾತು ಅಲ್ಲಿಗೆ ಅಳಿಸಿಹೋಗಬೇಕು ಎಂಬ ಆಸೆ ಅದರೊಳಗೆ ಸೇರಿತ್ತು.

ಮನೆ ದಂಡೆಯಿಂದ ನೂರು ಹೆಜ್ಜೆ. ಓಡಿ ಹೋಗಿ ನೋಡಿದರೆ ಬೀಗ. ಕೀಲಿಕೈ ದೇವಿಯ ಸೆರಗಿನಲ್ಲಿ, ದೇವಿ ಅಂಕೋಲೆಯ ಮೀನುಪೇಟೆಯಲ್ಲಿ. ಫೋನ್ ಹಚ್ಚಿದರು. ಸಂತೆಯ ಗದ್ದಲದಲ್ಲಿ ಅವಳಿಗೆ ಕೇಳಲಿಲ್ಲ. ಕಲ್ಲು ಹೊತ್ತು ಬೀಗದ ಮೇಲೆ ಹಾಕಿದರು, ಬೀಗ ಒಡೆಯಲಿಲ್ಲ. ಕೊಡಲಿಯ ಬಾಯಿ ಮುಕ್ಕಾಯಿತು. ಕೊನೆಗೆ ಯಾರೋ ಕಬ್ಬಿಣ ಕೊಯ್ಯುವ ಬ್ಲೇಡು ತಂದರು. ಶನಿಯಾರ ತಾನೇ ಕೂತು ಸರಪಳಿ ಕೊಯ್ಯತೊಡಗಿದ. ಬ್ಲೇಡು ತುಂಡಾಯಿತು. ಇನ್ನೊಂದು ತಂದರು.

ತಿಮ್ಮು ಬೇಲಿ ಹಿಡಿದು ಏದುಸಿರು ಬಿಡುತ್ತ ಕೂಗಿದ. "ಬಿಡಾ ಮಾರಾಯಾ ಅದನ್ನ! ಬರಿಗೈಲೇ ಹೋಗ್ವಾ! ಜನ ಉಳಿಸ್ಬೇಕೋ ಕಬ್ಬಿಣ ಮುಟ್ಟಿಸ್ಬೇಕೋ?"

"ಬಾಯಿ ಮುಚ್ಚು ಮುದ್ಕಾ! ಆಯ್ತು, ಆಯ್ತು, ಇಷ್ಟೇ ಉಳಿದದ್ದು!"

ಇಷ್ಟೇ ಎಂದದ್ದು ಇಪ್ಪತ್ತು ನಿಮಿಷ ಹಿಡಿಯಿತು. ಸಿಟ್ಟಿನವರಿಗೆ ಧೈರ್ಯವಂತರು ಎಂಬ ಹೆಸರು ಪುಕ್ಕಟೆ ಸಿಕ್ಕಿಬಿಡುತ್ತದೆ. ಹಿಡಿದದ್ದನ್ನು ಬಿಡಲಾರದ ಹಟಕ್ಕೆ ಧೈರ್ಯ ಅನ್ನುವುದಾದರೆ ಅನ್ನಲಿ. ಆ ಇಪ್ಪತ್ತು ನಿಮಿಷದಲ್ಲಿ ಆ ಅಂಗಳದಲ್ಲಿ ಧೈರ್ಯವಿದ್ದದ್ದು ತಿಮ್ಮುವಿನ ಬಾಯಲ್ಲಿ ಮಾತ್ರ.

ದೋಣಿ ಅಲೆ ದಾಟಿ ಕಾಗೆಬಂಡೆಯ ಮಗ್ಗುಲಿಗೆ ಬಂದಾಗ ಬೋಟು ಆಗಲೇ ಬಂಡೆಗೆ ಬಡಿದು ಕೂತಿತ್ತು. ಹಿಂಭಾಗ ನೀರಿನಲ್ಲಿ ಮುಳುಗಿ, ಮೂತಿ ಮೇಲಕ್ಕೆದ್ದು, ಪ್ರತಿ ಅಲೆಗೂ ಹಲಗೆ ಸೀಳುವ ಸದ್ದು ಗಾಳಿಯಲ್ಲೂ ಕೇಳುತ್ತಿತ್ತು. ನಿಲ್ಲಿಸಬೇಕಾದ ಬೋಟು ತಾನಾಗಿ ನಿಂತುಬಿಟ್ಟಿತ್ತು. ಲಂಗರಿನ ಭಾರಕ್ಕೆ ದೋಣಿ ನೀರು ಕುಡಿಯುತ್ತಿತ್ತು. ತಿಮ್ಮುವೂ ಶನಿಯಾರನೂ ಅದನ್ನು ಎರಡು ಕಡೆ ಹಿಡಿದೆತ್ತಿ, ಸಮುದ್ರಕ್ಕೆ ಹಾಕಿದರು.

ಅಶೋಕ ಮೂರು ಸಲ ಹತ್ತಿರ ಒಯ್ದ, ಮೂರು ಸಲವೂ ಅಲೆ ಹಿಂದಕ್ಕೆ ಎಸೆಯಿತು. ನಾಲ್ಕನೆಯ ಸಲ ಶನಿಯಾರ ಹಾರಿ ಬೋಟಿನ ಅಂಚು ಹಿಡಿದ. ಮೇಲೆ ನಾಲ್ಕು ಜನ ಕ್ಯಾಬಿನ್ನಿಗೆ ಅಂಟಿಕೊಂಡಿದ್ದರು. ಒಬ್ಬೊಬ್ಬರ ಸೊಂಟಕ್ಕೂ ಹಗ್ಗ ಕಟ್ಟಿ, ಕ್ಯಾನು ಕೊಟ್ಟು, ಕೆಳಗೆ ತಳ್ಳಿದ, ತಿಮ್ಮು ಎಳೆದುಕೊಂಡ. ಐದನೆಯವನು ಗಿರಿಧರ. ಅವನು ಮೀನು ತುಂಬುವ ಖೋಲಿಯ ಬಾಯಿಗೆ ಬೋರಲಾಗಿ ಮಲಗಿ, ಒಂದು ಕೈ ಒಳಗೆ ಇಳಿಬಿಟ್ಟು ಕೂಗುತ್ತಿದ್ದ.

"ಶಿವಾನಂದಾ! ಓ ಶಿವಾನಂದಾ!"

ನೀರು ಎತ್ತಿಹಾಕಲು ಒಳಗಿಳಿದವನ ಕಾಲ ಮೇಲೆ, ಬೋಟು ಬಂಡೆಗೆ ಬಡಿದ ಹೊಡೆತಕ್ಕೆ, ಐಸಿನ ಪೆಟ್ಟಿಗೆಗಳು ಬಿದ್ದಿದ್ದವು. ಶನಿಯಾರ ಕೆಳಗಿಳಿದ. ನೀರು ಅವನ ಗದ್ದ ಮುಟ್ಟಿತು. ಮುಳುಗಿ ತಡಕಿ ಪೆಟ್ಟಿಗೆ ಸರಿಸಿ, ಸಿಕ್ಕಿದ ತೋಳು ಹಿಡಿದು ಎಳೆದ. ಮೈ ಬಂತು. ಬೆಳಕಿಗೆ ತಂದಾಗ ಮುಖ ಗುರುತಾಯಿತು. ಬೇಲಿಯ ಹೊರಗೆ ನಿಂತು ನಕ್ಕಿದ್ದ ಆಳು.

ಗಿರಿಧರ ಆ ಎದೆಯನ್ನು ಒತ್ತಿದ, ಬಾಯಿಗೆ ಬಾಯಿ ಇಟ್ಟು ಊದಿದ, ಮತ್ತೆ ಒತ್ತಿದ. ಏನೂ ಆಗಲಿಲ್ಲ. ಆಮೇಲೆ ಶನಿಯಾರನ ಮುಖ ನೋಡಿ ಅಂದ:

"ಇಷ್ಟೊತ್ತನಕ ಮಾತಾಡ್ತಿದ್ದ ಮಾಮಾ. ಈಗಷ್ಟೇ, ನಿಮ್ಮ ದೋಣಿ ಬಂತು ಅಂತ ನಾನೇ ಕೂಗಿ ಹೇಳ್ದೆ. ಹೌದಾ ಅಂದ."

ಐದು ಜೀವ ಉಳಿಸಿದ ಶನಿಯಾರನಿಗೆ ಊರವರು ಶಾಲು ಹೊದಿಸಿದರು. ಎರಡು ಮೂರು ಕಡೆ ಕರೆದು ಮಾಲೆ ಹಾಕಿದರು. ಮೊದಲನೆಯ ಕಡೆ ಅವನು ಎದ್ದು ನಿಂತು, "ಲಂಗರ ಕಿತ್ತು ತಂದವ್ನು ನಾನೇ" ಎಂದ. ಎಂಥ ದೊಡ್ಡ ಮನಸ್ಸು ಎಂದು ಜನ ಚಪ್ಪಾಳೆ ತಟ್ಟಿದರು. ಅವನಿಗೆ ಹಾರ ಹರಿದು ಮುಖಕ್ಕೆ ಎಸೆಯುವಷ್ಟು ಸಿಟ್ಟು ಬಂತು. ಯಾರ ಮುಖಕ್ಕೆ ಎಂದು ಗೊತ್ತಾಗದೆ ಕೂತುಬಿಟ್ಟ. ಸದಾಶಿವಗಡಕ್ಕೆ ಹೋಗಿ ಗಿರಿಧರನೆದುರು ತಪ್ಪಾಯ್ತು ಎಂದ. ಗಿರಿಧರ ಅವನ ಬಾಯಿಗೆ ಕೈ ಅಡ್ಡ ಹಿಡಿದ. "ಹಾಂಗೆ ಹೇಳ್ಬ್ಯಾಡಿ ಮಾಮಾ. ನೀವು ಬರದಿದ್ರೆ ಆರು ಹೆಣ. ನನ್ನ ಮಕ್ಳು ದಿನಾ ನಿಮ್ಮ ಹೆಸರು ಹೇಳ್ತ್ರು." ಗಿರಿಧರನ ಹೆಂಡತಿ ವಿದ್ಯಾ ಬಂದು ಕಾಲಿಗೆ ಬಿದ್ದಳು. ಶನಿಯಾರ ಚಾ ಕುಡಿಯದೆ ಎದ್ದು ಬಂದ.

ಉಳಿದದ್ದು ಶಿವಾನಂದನ ಊರು ಶಿರವಾಡ. ಅಲ್ಲಿಗೆ ಹೋಗಲು ಅವನಿಗೆ ಎರಡು ತಿಂಗಳು ಬೇಕಾಯಿತು.

ಶಿವಾನಂದ ಬೋಟಿನವನೇ ಅಲ್ಲ. ಗದ್ದೆ ಕೆಲಸ ಮುಗಿದ ಮೇಲೆ ನಾಲ್ಕು ತಿಂಗಳ ಕೂಲಿಗೆಂದು ಮೊದಲ ಸಲ ಸಮುದ್ರಕ್ಕೆ ಹೋದವನು. ಮನೆಯ ಹಿಂದೆಯೇ ಗದ್ದೆ, ಅಂಗಳದಲ್ಲಿ ಬಿಸಿಲಿಗೆ ಹರಡಿದ ಭತ್ತ. ಹೆಂಡತಿ ಭಾರತಿ ಚಾಪೆ ಹಾಸಿ ಕೂರಿಸಿದಳು. ಹೆಸರು ಕೇಳಿದೊಡನೆ ಅವಳ ಮುಖ ಅರಳಿತು, ಅದನ್ನು ನೋಡಲು ಅವನಿಗೆ ಆಗಲಿಲ್ಲ.

"ಅವ್ರ ಮೈ ನೀರೊಳಗಿಂದ ತಂದು ಕೊಟ್ಟವ್ರು ನೀವೇ ಅಲ್ಲಾ? ಇಲ್ದಿದ್ರೆ ನಮ್ಗೆ ಮುಖ ನೋಡುಕೂ ಸಿಕ್ತಿರ್ಲಿಲ್ಲ."

"ತಂಗೀ, ನಾ ಹೇಳುದು ಕೇಳು. ಆ ಬೋಟಿನ ಲಂಗರ ನಾ ಕಿತ್ಕಂಡು ಬಂದಿದ್ದೆ. ಕೇಳುಕೆ ಬಂದ್ರೂ ಕೊಡ್ಲಿಲ್ಲ."

ಅವಳು ಭತ್ತದ ಮೇಲೆ ಕೂತ ಕೋಳಿಯನ್ನು ಓಡಿಸಿ ತಿರುಗಿದಳು.

"ಲಂಗರ ಅಂದ್ರೆ ಎಂತದು?"

ಇಂಥ ಪ್ರಶ್ನೆ ಶನಿಯಾರನ ಎಣಿಕೆಯಲ್ಲೇ ಇರಲಿಲ್ಲ. ಬೈಯಬಹುದು, ಅಳಬಹುದು, ಹೊರಗೆ ನಡಿ ಅನ್ನಬಹುದು ಎಂದು ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದ.

"ಕಬ್ಬಿಣದ್ದು," ಎಂದು ಕೈಯಿಂದ ಕೊಕ್ಕೆಯ ಆಕಾರ ತೋರಿಸಿದ. "ಹಗ್ಗ ಕಟ್ಟಿ ನೀರಿಗೆ ಒಗಿತ್ರು. ತಳ ಕಚ್ಚಿ ಹಿಡಿತದೆ. ಗಾಳಿ ಎಷ್ಟೇ ಎಳೆದ್ರೂ ಬೋಟ ಅಲ್ಲೇ ನಿಲ್ತದೆ."

"ಗೂಟಕ್ಕೆ ಎಮ್ಮೆ ಕಟ್ಟಿದಾಂಗೆ?"

"ಹೌದು. ಹಾಂಗೇ."

"ಅದಿದ್ರೆ ಅವತ್ತು ಬೋಟ ನಿಲ್ತಿತ್ತಾ?"

"ನಿಲ್ತಿತ್ತು. ಆಮೇಲೆ, ಕರೆ ಬಂದ ಮೇಲೂ, ಅದನ್ನೇ ಬಿಚ್ಚುತ್ತ ಕೂತು ತಡ ಮಾಡ್ದೆ. ಕೂಡ್ಲೇ ಹೋಗಿದ್ರೆ ಅಂವ ಇರ್ತಿದ್ದ."

ಭಾರತಿ ಅವನನ್ನೇ ನೋಡಿದಳು. ಅರಳಿದ್ದ ಮುಖ ನಿಧಾನವಾಗಿ ಮುಚ್ಚಿತು. ಅವಳು ಎದ್ದು, ಹಿತ್ತಲ ಕಡೆ ಕತ್ತು ಚಾಚಿ ಕೂಗಿದಳು.

"ಅತ್ತೇ, ಕೈ ತೊಳ್ಕಂಡು ಇಲ್ಲಿ ಬನ್ನಿ. ಹಾರವಾಡದವ್ರು ಬಂದ್ರು. ಎಂತದೋ ಹೇಳ್ತ್ರು, ನೀವೂ ಕೇಳ್ಬೇಕು."

ಶಿವಾನಂದನ ತಾಯಿ ನಾಗಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಜಗುಲಿಯ ಅಂಚಿಗೆ ಕೂತಳು. ಮುದುಕಿಗೆ ಕಿವಿ ಮಂದ. ಇನ್ನೂ ಹತ್ತಿರ ಸರಿದು ಅವನ ಬಾಯನ್ನೇ ನೋಡತೊಡಗಿದಳು.

"ಗಟ್ಟಿ ಹೇಳಿ," ಎಂದಳು ಭಾರತಿ. "ಮೊದ್ಲಿಂದ ಹೇಳಿ."

ಶನಿಯಾರ ಚಾಪೆಯಿಂದ ಇಳಿದು ನೆಲದ ಮೇಲೆ ಕೂತು, ಬಲೆ ಹರಿದ ದಿನದಿಂದ ಶುರುಮಾಡಿದ.