ತಿಪ್ಪೆಯಲ್ಲಿ ಹೂತ ಹುಂಜ

ಪಕ್ಕದ ಮನೆ ದೊಡ್ಡಮ್ಮನ ಎರಡೂ ಮುಂಗೈ ಮೇಲೆ ಕೋಳಿ ಕುಕ್ಕಿದ ಗುರುತುಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿಗೆ ಬರಿಗೈ ತೂರಿಸಿ ಮೊಟ್ಟೆ ಸರಿಮಾಡುವುದು ಅವರ ಅಭ್ಯಾಸ. ಕೈಗೆ ಬಟ್ಟೆಯಾದರೂ ಸುತ್ತಿಕೊಳ್ಳಬಾರದೇ ಎಂದರೆ, ಕುಕ್ಕೋದು ಅದರ ಕೆಲಸ, ಕುಕ್ಕಿಸ್ಕೊಳ್ಳೋದು ನನ್ನ ಕೆಲಸ ಅನ್ನುತ್ತಿದ್ದರು.

ನಾನು ನೆಲಮಂಗಲ ಪೇಟೆಯಿಂದ ದೊಡ್ಡಬಳ್ಳಾಪುರದ ಕಡೆಯ ಮಧುರೆ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗ ಕೋಳಿಯೆಂದರೆ ತಟ್ಟೆಯಲ್ಲಿನ ಸಾರು ಮಾತ್ರ ಗೊತ್ತಿತ್ತು. ಸಾಕುವುದನ್ನು ಕಲಿಸಿದವರು ದೊಡ್ಡಮ್ಮ. ಮೊಟ್ಟೆ ಬೆಸ ಲೆಕ್ಕದಲ್ಲೇ ಇಡಬೇಕು, ಗುಡುಗಿಗೆ ಕೆಡದಂತೆ ಜೊತೆಗೊಂದು ಇದ್ದಿಲ ಚೂರು ಹಾಕಬೇಕು, ಹೀಗೆ ನೂರೆಂಟು. ಹಾಗಂತ ಕೋಳಿಯನ್ನು ಮುದ್ದಿಸುವ ಜಾತಿಯವರೇನಲ್ಲ. ಯುಗಾದಿ ಮಾರನೆಯ ದಿನ ಹೊಸತೊಡಕಿಗೆ ತಾವೇ ಹುಂಜ ಹಿಡಿದುಕೊಟ್ಟು, ಸಾರಿಗೆ ಖಾರ ಸಾಲದು ಎಂದು ಸೊಸೆಯ ಮೇಲೆ ರೇಗುವವರು. ಒಂದು ಸಲ ನಾನು ಕೋಳಿಗಳಿಗೆ ನೀರಿಡಲು ಮರೆತಿದ್ದಕ್ಕೆ ಮಾತ್ರ ಮುಖ ಗಂಟು ಹಾಕಿಕೊಂಡು ಹೇಳಿದ್ದರು: "ತಿನ್ನೋಕೇ ಸಾಕ್ತೀವಿ, ಸರಿ. ಕುಯ್ಯೋ ದಿನದವರ್ಗೂ ಅದಕ್ಕೆ ನಾವೇ ತಾಯಿ ಕಣವ್ವ."

ಅವರ ಕೋಳಿಗಳೆಲ್ಲ ಕಪ್ಪು. ಮದುವೆಯಾಗಿ ಬರುವಾಗ ತವರಿನಿಂದ ಮಂಕರಿಯಲ್ಲಿ ಹೊತ್ತುಕೊಂಡು ಬಂದ ಎರಡು ಹ್ಯಾಟೆ ಕೋಳಿಗಳ ಸಂತಾನ. ತವರಿನಲ್ಲಿ ಈಗ ಮನೆಯೂ ಇಲ್ಲ, ಜನವೂ ಇಲ್ಲ, ಉಳಿದಿರೋದು ಇವಿಷ್ಟೇ ಅನ್ನುತ್ತಿದ್ದರು. ನಮ್ಮೆರಡು ಮನೆಗೂ ಒಂದೇ ತಿಪ್ಪೆ, ಕೆದಕುವ ಕೋಳಿಗಳಿಗೆ ನಿನ್ನದು ನನ್ನದು ಇಲ್ಲ. ಅದಕ್ಕೇ ಎರಡು ಕಟ್ಟಳೆ ಹಾಕಿದ್ದರು. ಸಂತೆಯಿಂದ ತಂದ ಕೋಳಿ ಎಂಟು ದಿನ ಮಂಕರಿಯಡಿ ಬೇರೆ ಇರಬೇಕು. ಯಾವುದಾದರೂ ಮಂಕಾದರೆ ತಕ್ಷಣ ಗೋಡೆ ಮೇಲಿಂದ ಕೂಗಿ ಹೇಳಬೇಕು. ಹಿಂದೊಮ್ಮೆ ಕೆಳಗಿನ ಬೀದಿಗೆ ರೋಗ ಬಂದಾಗ ತಮ್ಮವನ್ನೆಲ್ಲ ಅವತ್ತೇ ಆಟೋದಲ್ಲಿ ಆವತಿಯಲ್ಲಿದ್ದ ಮಗಳ ಮನೆಗೆ ಸಾಗಿಸಿ ಉಳಿಸಿಕೊಂಡಿದ್ದರು.

ಎರಡು ವರ್ಷದ ಹಿಂದೆ ಹೊಸತೊಡಕಿಗೆ ನಾದಿನಿ ಬಂದಿದ್ದಳು. ದೊಡ್ಡಬಳ್ಳಾಪುರದ ಸಂತೆಯಿಂದ ಎರಡು ಹುಂಜ ತಂದೆ. ಒಂದನ್ನು ಹಬ್ಬಕ್ಕೆ ಕುಯ್ದೆವು. ಇನ್ನೊಂದು ಕೆಂದು ಹುಂಜ, ನೋಡಲು ಮದುವಣಿಗನ ಹಾಗಿತ್ತು, ಸಾಕೋಣವೆಂದು ಇಟ್ಟುಕೊಂಡೆ. ಎಂಟು ದಿನ ಮುಚ್ಚಿಡಬೇಕಿದ್ದದ್ದನ್ನು ಮೂರನೇ ದಿನಕ್ಕೇ ಬಿಟ್ಟೆ. ಯಾಕೆ? ನಾದಿನಿ ಊರಿಗೆ ಹೊರಡುವ ಮುಂಚೆ ನಮ್ಮ ಅಂಗಳದಲ್ಲಿ ಅದರ ಗತ್ತು ನೋಡಿಕೊಂಡು ಹೋಗಲಿ ಅಂತ. ಇಷ್ಟೇ. ಥೂ, ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಮರುದಿನವೇ ಅದು ಕತ್ತು ತಿರುಚಿಕೊಂಡು ಬಿತ್ತು. ಕೊಕ್ಕರೆ ರೋಗ. ಗೋಡೆ ಮೇಲಿಂದ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಬೈಸಿಕೊಳ್ಳಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಒಂದು ಕಾಲಲ್ಲಿ ಸಂತೆಯವನು ಕಟ್ಟಿದ್ದ ನೀಲಿ ದಾರ ಹಾಗೇ ಇತ್ತು. ಅದನ್ನೂ ಬಿಚ್ಚದೆ, ಯಾರೂ ಇಲ್ಲದ್ದು ನೋಡಿಕೊಂಡು ಆ ತಿಪ್ಪೆಯಲ್ಲೇ ಹೂತೆ.

ನಾಲ್ಕೇ ದಿನ. ದೊಡ್ಡಮ್ಮ ಒಂದು ಕಪ್ಪು ಹ್ಯಾಟೆಯನ್ನು ಮಡಿಲಲ್ಲಿಟ್ಟುಕೊಂಡು ಈರುಳ್ಳಿ ರಸ ಕುಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿ, "ನಿನ್ ಕೋಳಿ ಚೆನ್ನಾಗವೇನವ್ವಾ?" ಅಂದರು.

"ಅವೂ ಇವತ್ತಿಂದ ಮಂಕಾಗವೆ ದೊಡ್ಡಮ್ಮ" ಅಂದೆ. ಇವತ್ತಿಂದ!

ವಾರದಲ್ಲಿ ಅವರದೊಂದೂ ಉಳಿಯಲಿಲ್ಲ. ಆಮೇಲೆ ಬೀದಿಗೆಲ್ಲ ಹಬ್ಬಿತು. ಊರಿಗೆ ಬೈಯಲು ಒಬ್ಬರು ಬೇಕಿತ್ತು, ಹೆಚ್ಚು ಕೋಳಿ ಇದ್ದವರು ದೊಡ್ಡಮ್ಮ. ಹಾಲಿನ ಡೈರಿ ಮುಂದೆ ಹೆಂಗಸರು ಮುಖಕ್ಕೆ ಹೊಡೆದ ಹಾಗೆ ಅಂದರು, ನಿನ್ನ ಕೋಳಿಯಿಂದಲೇ ನಮ್ಮವೂ ಹೋದವು ಅಂತ. ನಾನು ಕ್ಯಾನು ಹಿಡಿದು ದೊಡ್ಡಮ್ಮನ ಬೆನ್ನ ಹಿಂದೆಯೇ ನಿಂತಿದ್ದೆ. ಅವರು ಹಾಲು ಹಾಕಿ ಹೋದರು, ನಾನೂ ಹಾಕಿ ಬಂದೆ.

ದೊಡ್ಡಮ್ಮ ಮತ್ತೆ ಕೋಳಿ ಸಾಕಲಿಲ್ಲ. ಬೇರೆಯವರ ಮರಿ ತಂದುಕೊಡುತ್ತೇನೆ ಎಂದರೆ ಬೇಡವೆಂದರು. ಮಾರನೆಯ ವರ್ಷ ನಾನು ಹೊಸದಾಗಿ ತಂದು ಸಾಕಿದ ಹ್ಯಾಟೆ ಕಾವಿಗೆ ಬಂದಾಗ, ಕರೆದ ತಕ್ಷಣ ಬಂದು ಹದಿಮೂರು ಮೊಟ್ಟೆ ಇಟ್ಟು ಕೂರಿಸಿದರು. ಅದು ಅವರ ಕೈಗೆ ರಕ್ತ ಬರುವ ಹಾಗೆ ಕುಕ್ಕಿತು. ಕೈ ಒರೆಸಿಕೊಂಡು, ಎಲೆಅಡಿಕೆ ಚೀಲದಿಂದ ಏನನ್ನೋ ತೆಗೆದು ನನ್ನ ಅಂಗೈಯಲ್ಲಿಟ್ಟರು. ನೀಲಿ ದಾರ.

"ಹೋದ್ವರ್ಷ ಹೊಲಕ್ಕೆ ಗೊಬ್ಬರ ತುಂಬುವಾಗ ಸಿಕ್ತು. ಹುಂಜದ ಕಾಲಲ್ಲೇ ಇತ್ತು. ಆವತ್ತಿಂದ ನೀನೇ ಬಂದು ಹೇಳ್ತೀಯ ಅಂತ ಕಾದೆ ಕಣವ್ವ."

ಕಾಲಿಗೆ ಬೀಳಬೇಕಿತ್ತು. ತಪ್ಪಾಯಿತು ಎನ್ನಬೇಕಿತ್ತು. ನಾನು, "ಕಾಫಿ ಕುಡೀತೀರಾ ದೊಡ್ಡಮ್ಮ?" ಅಂದೆ. ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದರು. ಊರಲ್ಲಿ ಯಾರಿಗೂ ಹೇಳಲಿಲ್ಲ.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸ್ನಾನ ಮಾಡಿಸುವಾಗ ಕೈ ಮೇಲೆ ಎರಡು ಗುರುತು ಇನ್ನೂ ಕೆಂಪಗಿದ್ದವು, ನನ್ನ ಕೋಳಿ ಕುಕ್ಕಿದವು.

ಹನ್ನೊಂದನೆಯ ದಿನ ತಿಥಿಯ ಊಟಕ್ಕೆ ನಾನೇ ಸಾರು ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಒಬ್ಬಾಕೆ ಪಕ್ಕದವಳಿಗೆ, "ಪಾಪ, ಒಳ್ಳೆ ಮುದುಕಿ, ಆದ್ರೂ ಅವಳ ಕೋಳಿಯಿಂದ ಊರಿನ ಕೋಳಿಯೆಲ್ಲ ಹೋದ್ವಲ್ಲ" ಅಂದಳು. ಬಕೆಟ್ ಕೆಳಗಿಟ್ಟೆ.

"ಅವರ ಕೋಳಿಯಿಂದಲ್ಲ. ನನ್ನ ಹುಂಜದಿಂದ. ನಾನೇ ಮುಚ್ಚಿಟ್ಟೆ."

ಆಕೆ ಮುದ್ದೆ ಮುರಿಯುತ್ತಾ, "ಹೋಗ್ಲಿ ಬಿಡವ್ವಾ, ಈಗ್ಯಾಕೆ ಆ ಮಾತು? ಇತ್ಲಾಗೆ ಒಂದಿಷ್ಟು ಸಾರು ಬಿಡು" ಅಂದಳು.

ಬಡಿಸಿದೆ.