ಹೆಂಗಸರ ಹೆಸರು ಬರೆದ ಕಾರಕೂನ

ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ಕೂಡುವಷ್ಟು ಸಂದು. ಆತ ನಕ್ಕರೆ ಮೊದಲು ಕಾಣುತ್ತಿದ್ದುದು ಅದೇ. ಅಂಥ ಮುಖಕ್ಕೆ ಊರೂರಿನ ಹೆಂಗಸರು ಅಷ್ಟು ಸಲಿಗೆ ಕೊಡುತ್ತಿದ್ದರಲ್ಲ, ನನಗೆ ಹೊಟ್ಟೆ ಉರಿಯುತ್ತಿತ್ತು.

ತಾಲೂಕು ಕಚೇರಿಗೆ ನಾವಿಬ್ಬರೂ ಕಾರಕೂನರಾಗಿ ಸೇರಿದ್ದು ಒಂದೇ ದಿನ. ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆಂದು ಒಂದೇ ಹಾಳೆ ನೋಡಿ ಪ್ರತಿಜ್ಞೆ ಮಾಡಿದೆವು. ನಾನು ಗಂಟೆ ಹೊಡೆದಂತೆ ಓದಿದೆ. ಆತ ಎರಡು ಕಡೆ ತಡವರಿಸಿದ.

ಮೊದಲ ಚುನಾವಣೆಗೆ ಮತದಾರರ ಯಾದಿ ಬರೆಯಬೇಕಾಯಿತು. ಹೆಂಗಸರು ಗಂಡನ ಹೆಸರು ಎತ್ತುವಂತಿಲ್ಲ. ಪರಗಂಡಸಿನ ಮುಂದೆ ತಮ್ಮ ಹೆಸರೂ ಹೇಳುತ್ತಿರಲಿಲ್ಲ. ನಾನು ಗಂಡಸರನ್ನೇ ಕೇಳಿ, ‘ಇಂಥವನ ಹೆಂಡತಿ’ ಎಂದು ಬರೆದು, ಮೂರೇ ದಿನದಲ್ಲಿ ಸಿಂದಗಿ ಪೇಟೆ ಮುಗಿಸಿದೆ. ಆತ ಕನ್ನೊಳ್ಳಿ ಕಡೆ ಮನೆಮನೆಯ ಕಟ್ಟೆಯ ಮೇಲೆ ಕೂತು, “ಒಂದ ಒಡಪ ಹಾಕ್ರೆವ್ವಾ” ಅನ್ನುತ್ತಿದ್ದ. ಮದುವೆಯಲ್ಲಿ ಹಾಕುವಂತೆ ಪ್ರಾಸ ಕಟ್ಟಿ ಹೇಳಿದರೆ ಗಂಡನ ಹೆಸರಿಗೆ ದೋಷವಿಲ್ಲ. ಒಡಪ ಹಾಕಿದ ನಗೆಯಲ್ಲೇ ತಮ್ಮ ಹೆಸರನ್ನೂ ಹೇಳಿಬಿಡುತ್ತಿದ್ದರು. ಹದಿನೈದು ದಿನ ಹಿಡಿಯಿತು.

“ಹೆಂಗಸರ ಜೋಡಿ ಹರಟಿ ಹೊಡಿಯಾಕ ಇದೊಂದು ನೆವ” ಎಂದು ಕಚೇರಿ ತುಂಬ ಸಾರಿದೆ.

“ಪ್ರತಿಜ್ಞಾ ಮಾಡೇವಲ್ಲೋ ದೋಸ್ತ, ಹೆಸರ ಇಲ್ಲದಾಕಿ ಓಟ ಹ್ಯಾಂಗ ಹಾಕ್ಯಾಳ?” ಅಂದ. ಸಿಟ್ಟೂ ಮಾಡಲಿಲ್ಲ.

ಸ್ವಂತ ಹೆಸರಿಲ್ಲದ ಹೆಂಗಸರನ್ನು ಯಾದಿಯಿಂದ ತೆಗೆಯಬೇಕೆಂದು ಮೇಲಿನಿಂದ ಹುಕುಂ ಬಂತು. ನನ್ನ ಯಾದಿಯಲ್ಲಿ ಸಾಲುಸಾಲು, ಓದಿಯೂ ನೋಡದೆ, ಹೊಡೆದುಹಾಕಿದೆ. ಅದರಲ್ಲಿ ನನ್ನ ಹೆಂಡತಿಯೂ ಹೋದಳು. ಅವಳನ್ನೂ ರೂಢಿಯಂತೆಯೇ ಬರೆದಿದ್ದೆ. ಓಟಿನ ದಿನ ಹಸಿರು ಇಳಕಲ್ ಸೀರೆ ಉಟ್ಟು ಹೋದವಳು ಹಾಗೆಯೇ ಮರಳಿದಳು. ಮೂರನೆಯ ದಿನ, “ಮುಂದಿನ ಸಲ ಯಾದಿ ಬರಿಯಾಕ ನಿಮ್ಮ ದೋಸ್ತರನ್ನ ಕಳಸ್ರಿ” ಅಂದಳು.

ಮುಂದಿನ ಸಲ ನಾನೇ ಹಲ್ಲು ಕಚ್ಚಿ ಆತನನ್ನು ಕರೆತಂದೆ. “ವೈನೀ, ಒಡಪ ಹಾಕ್ರಿ” ಅಂದ. ಮದುವೆಯಾದಂದಿನಿಂದ ನನ್ನ ಹೆಸರೆತ್ತದವಳು ನಗುತ್ತ ಹಾಕಿಯೇಬಿಟ್ಟಳು:

“ಗೂಟಕ್ಕ ಹಾಕ್ಯಾರ ಕರಿ ಕೋಟು, ಈರಪ್ಪನವರ ಹೇಂತಿಗೆ ಬೇಕ್ರಿ ಓಟು! ನನ್ನ ಹೆಸರು ನೀಲವ್ವ, ಬರಕೋರಿ.”

ನನ್ನ ಮುಂದೆ ಅವಳು ಎಂದೂ ಹಾಗೆ ನಕ್ಕಿರಲಿಲ್ಲ. ಅವಳು ಓಟು ಹಾಕಿ ಬಂದ ದಿನವೂ ನನಗೆ ಊಟ ಸೇರಲಿಲ್ಲ. ಆ ಋಣ ಆತನದೆಂಬುದೇ ನನ್ನನ್ನು ಸುಡುತ್ತಿತ್ತು.

ಆತ ನೌಕರಿಯಲ್ಲಿರುವಾಗಲೇ ಜ್ವರ ಬಂದು ತೀರಿಕೊಂಡ. ಕನ್ನೊಳ್ಳಿ ಕಡೆಯಿಂದ ಹೆಂಗಸರು ಗಾಡಿ ಕಟ್ಟಿಸಿಕೊಂಡು ಬಂದರು. ಸುಳ್ಳೇಕೆ ಹೇಳಲಿ, ಸತ್ತವನ ಮೇಲೂ ನನಗೆ ಮತ್ಸರವಾಯಿತು. ಕಣ್ಣು ಮಂಜಾಗಿದ್ದ ಆತನ ತಾಯಿ ಬಾಗಿಲಲ್ಲಿ ಕೂತು, “ಯಾರವ್ವಾ ನೀವು?” ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು.

“ನಾ ಶಾಂತವ್ವರಿ.”

“ನಾ ಫಾತಿಮಾರಿ, ಅವ್ವಾ.”

ಯಾರೂ ಇಂಥವನ ಹೆಂಡತಿ ಅನ್ನಲಿಲ್ಲ. ನನ್ನ ಹೆಂಡತಿ ಸಾಲಿನಲ್ಲಿ ಮುಂದೆ ಸರಿದಾಗ, ಮುದುಕಿಗೆ ಗುರುತು ಸಿಗಲೆಂದು “ಇಕಿ ನನ್ನ...” ಎಂದು ನಾನು ಬಾಯಿ ತೆರೆದೆ. ಅವಳು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿ, ತಾನೇ ತನ್ನ ಹೆಸರು ಹೇಳಿದಳು.