ಕತ್ತಿ ಹಿಡಿದು ಓಡಿದವನು

ಪರದೇಶದ ಆ ಊರಿಗೆ ಬಂದ ಮೇಲೆ ಪುಟ್ಟನಿಗೆ ಮೊದಲು ಹೆದರಿಕೆ ಹುಟ್ಟಿಸಿದ್ದು ಮನೆಯ ಕರೆಗಂಟೆ. ಅಕ್ಕ, ಭಾವ ಇಬ್ಬರೂ ಹೊರಗೆ ಹೋಗಿದ್ದಾಗ ಯಾರಾದರೂ ಗಂಟೆ ಒತ್ತಿದರೆ ಅವನು ಉಸಿರು ಬಿಗಿಹಿಡಿದು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ. ಬಂದವರು ಮೆಟ್ಟಿಲಿಳಿದು ಹೋದ ಸಪ್ಪಳ ಕೇಳಿದರೂ ಕದಲುತ್ತಿರಲಿಲ್ಲ. ಪಾಸ್‌ಪೋರ್ಟು, ವೀಸಾ ಎಲ್ಲವೂ ಸರಿಯಾಗಿದ್ದವು. ಯಾರಿಗೂ ಅನ್ಯಾಯ ಮಾಡಿದವನಲ್ಲ. ಆದರೂ ಬೀದಿಯಲ್ಲಿ ಯೂನಿಫಾರಂ ಕಂಡರೆ ಸಾಕು, ಅದು ಅಂಚೆಯವನದ್ದೇ ಆಗಿರಲಿ, ಅಂಗೈ ಬೆವರುತ್ತಿತ್ತು.

ಮೂವತ್ತು ದಾಟಿದ್ದರೂ, ಹೆಂಡತಿ ಮಗಳು ಇದ್ದರೂ, ಅಕ್ಕನ ಬಾಯಲ್ಲಿ ಅವನು ಪುಟ್ಟನೇ. ತನ್ನ ದೇಶದಲ್ಲಿ ಅವನದೇ ಒಂದು ಕ್ಷೌರದ ಅಂಗಡಿ ಇತ್ತು. ರಸ್ತೆ ಅಗಲ ಮಾಡುವವರು ಆ ಅಂಗಡಿಸಾಲನ್ನೇ ಕೆಡವಿದರು. ಪರದೇಶದಲ್ಲಿ ಅದೇ ಕಸುಬು ಮಾಡಿಕೊಂಡಿದ್ದ ಭಾವ ಫೋನಿನಲ್ಲಿ, "ಕೂದ್ಲು ಎಲ್ಲಾ ದೇಶದಲ್ಲೂ ಒಂದೇ ತರ ಬೆಳೆಯುತ್ತೆ ಕಣಯ್ಯಾ, ಬಾ. ಹೆಂಡ್ತಿ ಮಗೂನ ಆಮೇಲೆ ಕರೆಸ್ಕೊಂಡ್ರಾಯ್ತು" ಎಂದರು. ಬಂದ.

ಕೂದಲು ಒಂದೇ ತರ ಇತ್ತು, ನಿಜ. ಮಾತು ಮಾತ್ರ ಬೇರೆ. ಊರಿನ ಅಂಗಡಿಯಲ್ಲಿ ಪುಟ್ಟ ಬಾಯಿ ಮುಚ್ಚಿದ್ದೇ ಇಲ್ಲ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೇ ಅವನ ಮನೆಯ ಜಗಳ ಬಗೆಹರಿಸಿ ಕಳಿಸುತ್ತಿದ್ದ. ಇಲ್ಲಿ ತುಟಿ ಹೊಲಿದಂತಾಗಿತ್ತು. ಗಿರಾಕಿ ತಲೆ ಹಿಂದಕ್ಕೆ ಚಾಚಿ, ಗಂಟಲು ಒಡ್ಡಿ ಮಲಗಿದಾಗ, ಕತ್ತಿಯ ಕೆಳಗೆ ಆ ಗಂಟಲು ಅಲುಗಿ ಏನೋ ಮಾತು ಹೊರಡುತ್ತಿತ್ತು. ನೋಯ್ತಿದೆ ಅಂದನೋ, ನಿಲ್ಲಿಸು ಅಂದನೋ, ಇವತ್ತು ಚಳಿ ಜಾಸ್ತಿ ಅಂದನೋ? ಪುಟ್ಟ ಕನ್ನಡಿಯಲ್ಲಿ ಅವನ ಕಣ್ಣು ನೋಡಿ ಊಹಿಸಬೇಕಿತ್ತು. ಸಂಜೆ ಅಂಗಡಿ ಮುಚ್ಚುವಷ್ಟರಲ್ಲಿ ಅಂಗಿಯ ಬೆನ್ನು ಒದ್ದೆಯಾಗಿರುತ್ತಿತ್ತು.

ಭಾವ ಒಂದು ವಾಕ್ಯ ಕಲಿಸಿದ್ದರು. "ದಯವಿಟ್ಟು ಕೂತ್ಕೊಳ್ಳಿ, ಹೇಗೆ ಕತ್ತರಿಸ್ಲಿ?" ಆ ದೇಶದ ಭಾಷೆಯಲ್ಲಿ ಅದನ್ನು ಪುಟ್ಟ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ನಿದ್ದೆಯಲ್ಲಿ ಕೂಡ ಜಪ ಮಾಡಿ ಬಾಯಿಪಾಠ ಮಾಡಿಕೊಂಡ. ಅದೊಂದನ್ನು ಮಾತ್ರ ತಡವರಿಸದೆ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಭಾವ ಹೊಸ ಟವೆಲುಗಳನ್ನು ತರಲು ಹೋಗಿದ್ದರು. ಪಕ್ಕದ ಬೇಕರಿಯವನು ಒಳಗೆ ಬಂದ. ಆಳೆಂದರೆ ಆಳು, ಕುರ್ಚಿ ಕಿರುಗುಟ್ಟಿತು. ಮೂಗಿನ ಕೆಳಗೆ ಪೊದೆಯಂಥ ಮೀಸೆ. ಪುಟ್ಟ ತನ್ನ ವಾಕ್ಯ ಒಪ್ಪಿಸಿದ. ಬೇಕರಿಯವನು ಗಲ್ಲ ಸವರಿಕೊಂಡು, ಮೀಸೆ ಮುಟ್ಟಿ ಏನೋ ಅಂದ. 'ಇದನ್ನು ಬಿಡು' ಎನ್ನುವುದಕ್ಕೂ 'ಇದನ್ನೂ ತೆಗಿ' ಎನ್ನುವುದಕ್ಕೂ ಆ ಭಾಷೆಯಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ. ಇನ್ನೊಮ್ಮೆ ಕೇಳಲು ಪುಟ್ಟನ ಹತ್ತಿರ ಮಾತಿರಲಿಲ್ಲ. ತಲೆಯಾಡಿಸಿದ.

ಬೆಚ್ಚಗಿನ ನೊರೆಗೆ ಬೇಕರಿಯವನು ಕಣ್ಣು ಮುಚ್ಚಿದ್ದ. ಮೀಸೆಯ ಅರ್ಧ ಭಾಗ ಬೋಳಿಸಿಯಾದ ಮೇಲೆ ತುಟಿಗೆ ಗಾಳಿ ತಾಗಿತೋ ಏನೋ, ಕಣ್ಣು ಬಿಟ್ಟ. ಕನ್ನಡಿ ನೋಡಿದ. ಆಮೇಲೆ ಹೂಂಕರಿಸಿ ಎದ್ದು ನಿಂತ.

ಪುಟ್ಟ ಓಡಿದ.

ಯಾವ ಬೀದಿ, ಯಾವ ತಿರುವು, ಒಂದೂ ಗೊತ್ತಿಲ್ಲ. ಮನೆಯಿಂದ ಅಂಗಡಿಗೆ ಬರುವ ದಾರಿ ಬಿಟ್ಟರೆ ಆ ಊರಿನಲ್ಲಿ ಅವನು ಬೇರೆ ಕಡೆ ಕಾಲಿಟ್ಟವನಲ್ಲ. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬರುತ್ತಿದ್ದ ಹೆಂಗಸು ಅವನನ್ನು ಕಂಡು ಕಿರುಚಿದಳು. ಜನ ಸರಸರನೆ ಅಂಗಡಿಗಳೊಳಗೆ ನುಗ್ಗಿ ಬಾಗಿಲು ಎಳೆದುಕೊಂಡರು. ತನ್ನ ಹಿಂದೆ ಏನೋ ಭಯಂಕರವಾದದ್ದು ಬರುತ್ತಿರಬೇಕು ಎಂದುಕೊಂಡು ಪುಟ್ಟ ಹಿಂತಿರುಗಿ ನೋಡಿದ. ಏನೂ ಇರಲಿಲ್ಲ. ಇನ್ನೂ ಜೋರಾಗಿ ಓಡಿದ. ಬಿಚ್ಚಿದ ಕತ್ತಿ ತನ್ನ ಬಲಗೈಯಲ್ಲೇ ಇದೆ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ.

ಕಾರು ನಿಲ್ಲಿಸುವ ಒಂದು ಅಂಗಳದಲ್ಲಿ ದಾರಿ ಮುಗಿಯಿತು. ಮೂರು ಕಡೆ ಗೋಡೆ. ತಿರುಗುವಷ್ಟರಲ್ಲಿ ಪೊಲೀಸ್ ಗಾಡಿ ಬಂದು ಅಡ್ಡ ನಿಂತಿತ್ತು. ಒಬ್ಬ ಗಂಡಸು, ಒಬ್ಬಳು ಹೆಂಗಸು ಇಳಿದರು. ಇಬ್ಬರ ಕೈಯೂ ಸೊಂಟದ ಹತ್ತಿರ. ಹೆಂಗಸು ಒಂದೇ ಮಾತನ್ನು ಮತ್ತೆ ಮತ್ತೆ ಕೂಗಿದಳು. ಪುಟ್ಟನಿಗೆ ಅರ್ಥವಾಗಲಿಲ್ಲ. ಆದರೆ ಏನಾದರೂ ಹೇಳದಿದ್ದರೆ ಉಳಿಗಾಲವಿಲ್ಲ ಎಂದು ಮಾತ್ರ ಅನ್ನಿಸಿತು. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿತ್ತು. ಹೇಗೋ ಬಿಡಿಸಿಕೊಂಡು, ಗೊತ್ತಿದ್ದ ಒಂದೇ ವಾಕ್ಯವನ್ನು ಹೇಳಿಬಿಟ್ಟ.

"ದಯವಿಟ್ಟು ಕೂತ್ಕೊಳ್ಳಿ, ಹೇಗೆ ಕತ್ತರಿಸ್ಲಿ?"

ಅವರ ಮುಖ ಬಿಳಿಚಿತು. ಗಂಡಸು ಪಿಸ್ತೂಲು ಹೊರಗೆ ತೆಗೆದ. ಅದರ ಬಾಯಿ ತನ್ನತ್ತ ತಿರುಗಿದ್ದು ಕಂಡಾಗ ಪುಟ್ಟನ ಕಣ್ಣ ಮುಂದೆ ಮಗಳ ಮುಖ ಬಂತು. ಅದೂ ಸರಿಯಾಗಿ ಬರಲಿಲ್ಲ, ಕಿವಿಯೊಂದು ಮಾತ್ರ ಬಂತು. ಬೆವೆತ ಕೈಯಿಂದ ಕತ್ತಿ ಜಾರಿ ಠಣ್ ಎಂದಾಗಲೇ ಅವನಿಗೆ ಅದು ಕಂಡದ್ದು. ಮರುಕ್ಷಣ ಕೆನ್ನೆ ಡಾಂಬರಿಗೆ ಒತ್ತಿತ್ತು, ಕೈ ಬೆನ್ನ ಹಿಂದೆ ಹೋಗಿತ್ತು. ಅಂಗಿಯ ಕೊರಳಪಟ್ಟಿಗೆ ಮೆತ್ತಿದ್ದ ಸೋಪಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. "ಅಮ್ಮಾ, ಅಮ್ಮಾ" ಎಂದು ತಾನು ಕನ್ನಡದಲ್ಲಿ ಕೂಗುತ್ತಿರುವುದು ಅವನಿಗೇ ಆಮೇಲೆ ಕೇಳಿಸಿತು.

ಅಷ್ಟರಲ್ಲಿ ಬೇಕರಿಯವನು ಏದುಸಿರು ಬಿಡುತ್ತಾ ಬಂದ. ಕೊರಳಿಗೆ ಕಟ್ಟಿದ ಬಟ್ಟೆ ಹಾಗೇ ಇತ್ತು, ಕೆನ್ನೆಯ ನೊರೆ ಅರ್ಧ ಒಣಗಿತ್ತು, ಮೀಸೆಯೂ ಅರ್ಧ. ಎರಡೂ ಕೈ ಬೀಸಿ ಏನೇನೋ ವಿವರಿಸಿದ, ಮೂಗಿನ ಕೆಳಗೆ ತೋರಿಸಿದ. ಪೊಲೀಸ್ ಹೆಂಗಸು ಆ ಕಡೆ ತಿರುಗಿಕೊಂಡಳು. ಅವಳ ಭುಜಗಳು ಕುಲುಕುತ್ತಿದ್ದವು. ನಕ್ಕಳೋ ಅತ್ತಳೋ ಪುಟ್ಟನಿಗೆ ತಿಳಿಯಲಿಲ್ಲ.

ಆದರೂ ಠಾಣೆಗೆ ಕರೆದುಕೊಂಡು ಹೋದರು. ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ವಾಪಸ್ ಕಳಿಸುತ್ತಾರೆ, ಅಲ್ಲಿ ಅಂಗಡಿ ಇಲ್ಲ, ಇಲ್ಲಿ ಮಾನ ಇಲ್ಲ ಎಂದು ಯೋಚಿಸುತ್ತಾ ಕೂತ. ಭಾವ ಬಂದು, ಗಂಟೆಗಟ್ಟಲೆ ಮಾತಾಡಿ, ಕೈಮುಗಿದು ಬಿಡಿಸಿಕೊಂಡು ಬಂದರು.

ಮನೆಯಲ್ಲಿ ಅಕ್ಕ ಅವನ ಕೆನ್ನೆಯ ತರಚು ಗಾಯಕ್ಕೆ ಮುಲಾಮು ಹಚ್ಚುತ್ತಾ, "ಯಾಕೋ ಓಡ್ದೆ? ನಿಂತ್ಕೊಂಡು ತಪ್ಪಾಯ್ತು ಅಂದಿದ್ರೆ ಆಗ್ತಿರ್ಲಿಲ್ವೇನೋ?" ಎಂದಳು.

"ತಪ್ಪಾಯ್ತು ಅನ್ನೋದನ್ನ ನಂಗ್ಯಾರು ಕಲ್ಸಿದ್ರು ಅಕ್ಕಾ?"

ಅಕ್ಕ ಗಂಡನ ಕಡೆ ನೋಡಿದಳು. ಭಾವ ತಲೆ ಕೆರೆದುಕೊಂಡರು.

ಮರುದಿನ ಪುಟ್ಟ ಹಾಸಿಗೆಯಿಂದ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಹೆಂಡತಿ ಫೋನು ಮಾಡಿದಳು. "ಕತ್ತಿ ಹಿಡ್ಕೊಂಡು ಊರೆಲ್ಲಾ ಓಡಿದ್ರಂತೆ? ಇಲ್ಲಿ ಹಲ್ಲಿ ಕಂಡ್ರೆ ನನ್ನನ್ನ ಕರೀತಿದ್ರಿ!" ಎಂದು ನಕ್ಕಳು. ನಗು ಅರ್ಧಕ್ಕೆ ನಿಂತು, "ಬಂದ್ಬಿಡ್ತೀರಾ?" ಎಂದಳು. "ಇಲ್ಲ. ಹೆದ್ರಿಕೆ ಆಗುತ್ತೆ ಕಣೇ, ಆದ್ರೂ ಇಲ್ಲ" ಎಂದ ಪುಟ್ಟ.

ಕೊನೆಗೆ ಭಾವ ಅವನನ್ನು ಅಂಗಡಿಗೆ ಎಳೆದು ತಂದ ದಿನ ಬೇಕರಿಯವನು ಬಂದ. ಪುಟ್ಟ ಒಳಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ. ಭಾವ ಹೊರಗಿನಿಂದ, "ಬಾರಯ್ಯಾ, ನಿನ್ನನ್ನೇ ಕೇಳ್ತಿದ್ದಾರೆ. ಮಿಕ್ಕರ್ಧ ಮೀಸೇನ ಅವತ್ತೇ ಮನೇಲಿ ತೆಗೆದ್ರಂತೆ. ಈಗ್ಲೇ ಚೆನ್ನಾಗಿದ್ದೀರಿ ಅಂತ ಹೆಂಡ್ತಿ ಹೇಳ್ತಿದ್ದಾರಂತೆ" ಎಂದರು.

ಪುಟ್ಟ ಹೊರಗೆ ಬಂದು ತಪ್ಪಾಯ್ತು ಎಂದ. ಭಾವ ಆ ಮಾತನ್ನು ಹಿಂದಿನ ರಾತ್ರಿಯಷ್ಟೇ ಕಲಿಸಿದ್ದರು. ಬೇಕರಿಯವನು ಕುರ್ಚಿಯಲ್ಲಿ ಕೂತು ಗಂಟಲು ಮೇಲೆತ್ತಿದ.

ಅವತ್ತು ಪುಟ್ಟ ತಕ್ಷಣ ಕತ್ತಿ ಮುಟ್ಟಲಿಲ್ಲ. ಮೊದಲು ಬರಿ ನೊರೆ ಹಚ್ಚಿದ, ಒರೆಸಿದ, ಮತ್ತೆ ಹಚ್ಚಿದ. ಬೇಕರಿಯವನು ಕಾದ. ಆಮೇಲಿನ ದಿನಗಳಲ್ಲಿ ಪುಟ್ಟ ನಿಲ್ಲಿಸು, ಸಾಕು, ನೋವು, ನಿಧಾನ ಎಂಬ ಮಾತುಗಳನ್ನು ಒಂದೊಂದಾಗಿ ಕಲಿತ. ಮುಂದಿನ ವರ್ಷ ಹೆಂಡತಿ, ಮಗಳು ಬಂದರು. ಈಗ ಅವನು ಆ ಭಾಷೆಯಲ್ಲೂ ಗಿರಾಕಿಗಳ ಮನೆ ಜಗಳ ವಿಚಾರಿಸುತ್ತಾನೆ. ಆದರೆ ಕುರ್ಚಿಯಲ್ಲಿದ್ದವರು ಸುಮ್ಮನೆ ಕೆಮ್ಮಿದರೂ ಅವನ ಕೈ ಥಟ್ಟನೆ ಹಿಂದೆ ಸರಿಯುತ್ತದೆ.